ಭುಜ ನೋವಿಗೆಂದು ಹೋದವಳು ಶುಗರ್ ಫೈಲ್ ಹಿಡಿದು ಬಂದೆ

ಕಳೆದ ಮೇ ತಿಂಗಳ ಕೊನೆಗೆ ಸಂಬಂಧಿಕರ ಮದುವೆಗೆ ಹೊರಟು ಕನ್ನಡಿಯ ಎದುರು ನಿಂತಿದ್ದೆ. ಮಲ್ಲಿಗೆ ಮುಡಿಯಲು ಎರಡೂ ಕೈ ಎತ್ತಿದರೆ ಬಲಗೈ ಜಡೆಯವರೆಗೆ ಹೋಯಿತು, ಎಡಗೈ ಕಿವಿಯ ಹತ್ತಿರ ಬಂದು ನಿಂತೇಬಿಟ್ಟಿತು. ಒತ್ತಿ ಎತ್ತಿದರೆ ಭುಜದೊಳಗೆ ಯಾರೋ ಕತ್ತಿ ತಿರುವಿದ ಹಾಗೆ. ಕೊನೆಗೆ ಮಗಳೇ ಹೂ ಮುಡಿಸಿದಳು. ನಮ್ಮದು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ಮನೆ. ಅಂಗಳದ ಸುತ್ತ ಮಲ್ಲಿಗೆ ಗಿಡ. ಮದುವೆಯಾಗಿ ಬಂದಲ್ಲಿಂದ ಹೂ ಕೊಯ್ದು ಕಟ್ಟಿದವಳಿಗೆ ತನ್ನ ತಲೆಗೇ ಹೂ ಮುಡಿಯಲು ಆಗುವುದಿಲ್ಲ ಎಂದರೆ ಹೇಗಾಗಬೇಡ!

ಕೂತು ಕೂತು ಹೀಗಾಗಿದೆ ಎಂದುಕೊಂಡೆ. ನಮ್ಮ ಕೆಲಸವೇ ಹಾಗೆ. ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಮೊಗ್ಗು ಕೊಯ್ಯಬೇಕು, ಕೂತು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೊತ್ತು ಮೀರಿದರೆ ಹೂವೂ ಅರಳುತ್ತದೆ, ದರವೂ ಹೋಗುತ್ತದೆ. ಹೂ ಹೋಗುವವರೆಗೆ ತಿಂಡಿ ಇಲ್ಲ, ಬರೀ ಚಾ. ಈ ಚಾದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದು ತಿಂಗಳು ಎಣ್ಣೆ ಹಚ್ಚಿದೆ, ಬಿಸಿನೀರಿನ ಚೀಲ ಇಟ್ಟೆ, ನೋವಿನ ಮಾತ್ರೆ ನುಂಗಿದೆ. ಕಡಿಮೆಯಾಗದೆ ಉಡುಪಿಯ ಮೂಳೆ ಡಾಕ್ಟರರ ಹತ್ತಿರ ಹೋದೆ. ನೋಡುವ ಫೀಸು 400, ಎಕ್ಸ್‌ರೇಗೆ 450. ಅವರು ಕೈಯನ್ನು ಆಚೆ ಈಚೆ ತಿರುವಿ ನೋಡಿ, "ಫ್ರೋಜನ್ ಶೋಲ್ಡರ್ ಅಮ್ಮ, ಕೀಲು ಬಿಗಿದುಕೊಂಡಿದೆ. ಒಂದು ಇಂಜೆಕ್ಷನ್ ಕೊಟ್ಟು ವ್ಯಾಯಾಮ ಶುರು ಮಾಡುವ" ಎಂದರು. ನಾನು ಖುಷಿಯಾದೆ. ಅಷ್ಟರಲ್ಲಿ, "ಶುಗರ್ ಉಂಟಾ?" ಎಂದು ಕೇಳಿದರು. ಇಲ್ಲ ಎಂದೆ. "ಯಾವಾಗ ನೋಡಿಸಿದ್ದು?" ನೆನಪೇ ಇಲ್ಲ. ಅಲ್ಲೇ ನರ್ಸು ಬೆರಳು ಚುಚ್ಚಿ ನೋಡಿದರೆ 312.

ಡಾಕ್ಟರರು ಇಂಜೆಕ್ಷನ್ ಸಿರಿಂಜನ್ನು ಬದಿಗಿಟ್ಟರು. ಅದು ಸ್ಟಿರಾಯ್ಡ್ ಅಂತೆ. ಕೊಟ್ಟರೆ ಶುಗರ್ ಇನ್ನೂ ಮೇಲೆ ಹೋಗುತ್ತದೆ. "ಇದನ್ನು ಮೊದಲು ಇಳಿಸಿಕೊಂಡು ಬನ್ನಿ. ಶುಗರ್ ಇದ್ದವರಿಗೇ ಈ ಭುಜ ಹಿಡಿಯುವುದು ಜಾಸ್ತಿ" ಎಂದರು. ರಾತ್ರಿ ಎಷ್ಟು ಸಲ ಎದ್ದು ಮೂತ್ರಕ್ಕೆ ಹೋಗುತ್ತೀರಿ, ಬಾಯಾರಿಕೆ ಹೇಗೆ ಎಂದು ಕೇಳಿದಾಗ ಒಂದೊಂದಾಗಿ ನೆನಪಾಯಿತು. ಮೂರು ಸಲ ಏಳುತ್ತಿದ್ದೆ, ತಂಬಿಗೆ ಗಟ್ಟಲೆ ನೀರು ಕುಡಿಯುತ್ತಿದ್ದೆ. ಎಲ್ಲವನ್ನೂ ಮೇ ತಿಂಗಳ ಸೆಕೆಯ ಲೆಕ್ಕಕ್ಕೆ ಹಾಕಿದ್ದೆ. ಸೀರೆಯ ನೆರಿಗೆ ಒಂದು ಹೆಚ್ಚು ಬರುತ್ತಿದೆ ಎಂದು ಖುಷಿಪಟ್ಟದ್ದೂ ಉಂಟು!

ಆ ಚೀಟಿಯನ್ನು ಮನೆಗೆ ತಂದು ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟೆ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ನನ್ನ ಅಮ್ಮನಿಗೆ ಶುಗರ್ ಇತ್ತು. ಕಾಲಿನ ಹೆಬ್ಬೆರಳಲ್ಲಿ ಶುರುವಾದ ಒಂದು ಗಾಯ ಪಾದದವರೆಗೆ ಹೋದದ್ದನ್ನು ನಾನು ಕಂಡವಳು. ಆ ವಾಸನೆ ಈಗಲೂ ಮೂಗಿನಲ್ಲಿ ಉಂಟು. ಅಕ್ಕಿ ತೆಗೆಯಲು ಹೋದ ಮಗಳ ಕೈಗೆ ಚೀಟಿ ಸಿಕ್ಕಿ ಗುಟ್ಟು ರಟ್ಟಾಯಿತು. ಅವಳು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮತ್ತೆ ರಕ್ತ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ನಾನು ಹೂ ಕೊಟ್ಟು, ಕಟಪಾಡಿಯಲ್ಲಿ ಬಸ್ಸು ಬದಲಿಸಿ, ಸುರಿವ ಮಳೆಯಲ್ಲಿ ಉಡುಪಿಯ ಲ್ಯಾಬ್ ಮುಟ್ಟುವಾಗ ಒಂಬತ್ತೂವರೆ. "ಏನೂ ತಿಂದಿಲ್ಲ ಅಲ್ವಾ ಆಂಟಿ?" ಎಂದ ಹುಡುಗ. "ಇಲ್ಲಪ್ಪ, ಚಾ ಮಾತ್ರ" ಎಂದೆ. ಅವನು ಸೂಜಿ ಕೆಳಗಿಟ್ಟ. ನಮ್ಮಲ್ಲಿ ಚಾ ಎಂದರೆ ತಿನ್ನುವ ಲೆಕ್ಕಕ್ಕೆ ಬರುವುದೇ ಇಲ್ಲವಲ್ಲ! ಆ ದಿನ ಹಾಗೇ ವಾಪಸ್. ನೀವು ಹೋಗುವುದಾದರೆ ಹಿಂದಿನ ರಾತ್ರಿ ಉಂಡ ಮೇಲೆ ಕಡಿಮೆಯೆಂದರೆ 8 ಗಂಟೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ. ಸಕ್ಕರೆ ಇಲ್ಲದ ಚಾ ಕೂಡ ಬೇಡ.

ಮರುದಿನ ಹೂ ಕೊಯ್ಯುವುದನ್ನು ಇವರಿಗೆ ಬಿಟ್ಟು ಬೇಗ ಹೋದೆ. ಖಾಲಿ ಹೊಟ್ಟೆಯದ್ದು ಆಯಿತು. ಇನ್ನು ತಿಂಡಿ ತಿಂದು ಎರಡು ಗಂಟೆ ಬಿಟ್ಟು ಬರಬೇಕು. ಹೋಟೆಲಿನಲ್ಲಿ ಹೆದರಿ ಎರಡೇ ಇಡ್ಲಿ ತಿಂದೆ, ಚಟ್ನಿಯನ್ನೂ ದೂರ ಇಟ್ಟೆ. ಪರೀಕ್ಷೆಗೆ ಹೋಗುವ ಮಕ್ಕಳು ಕಾಪಿ ಹೊಡೆಯುತ್ತಾರಲ್ಲ, ಹಾಗೆ. ಆಮೇಲೆ ಶುಗರ್ ನೋಡುವ ಡಾಕ್ಟರಮ್ಮ ಕೇಳಿದರು: "ಮನೆಯಲ್ಲಿ ದಿನಾ ಎರಡೇ ಇಡ್ಲಿಯಾ?" ಅಲ್ಲ ಎಂದೆ. "ಹಾಗಾದರೆ ಈ ರಿಪೋರ್ಟ್ ಯಾರದ್ದು?" ಎಂದು ನಕ್ಕರು. ದಿನಾ ಎಷ್ಟು ತಿನ್ನುತ್ತೀರೋ ಅಷ್ಟೇ ತಿಂದು ಕೊಡಬೇಕು. ಎರಡು ಗಂಟೆಯನ್ನು ತಿಂಡಿಯ ಮೊದಲ ತುತ್ತಿನಿಂದ ಲೆಕ್ಕ ಹಾಕಬೇಕು, ಕೈ ತೊಳೆದಲ್ಲಿಂದ ಅಲ್ಲ. ಮೊದಲೇ ಮಾತ್ರೆ ತೆಗೆದುಕೊಳ್ಳುವವರು ತಿಂಡಿಯ ಜೊತೆ ಆ ಮಾತ್ರೆಯನ್ನೂ ತೆಗೆದುಕೊಂಡೇ ಕೊಡಬೇಕು. ಬಿಟ್ಟು ಕೊಟ್ಟರೆ ಮದ್ದು ಕೆಲಸ ಮಾಡುತ್ತಾ ಇಲ್ಲವಾ ಎಂದು ಹೇಗೆ ಗೊತ್ತಾಗಬೇಕು?

ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಯದ್ದು 198, ಕಾಪಿ ಹೊಡೆದರೂ ಊಟದ ನಂತರದ್ದು 276, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 10.4. ಡಾಕ್ಟರಮ್ಮ ಒಂದು ಹಾಳೆಯ ಹಿಂದೆ ಬರೆದು ತೋರಿಸಿದರು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲಿದ್ದರೆ, ಎ1ಸಿ 6.5 ಅಥವಾ ಮೇಲಿದ್ದರೆ ಡಯಾಬಿಟಿಸ್. ರಕ್ತದ ಕೆಂಪು ಕಣ ಹೆಚ್ಚುಕಡಿಮೆ 120 ದಿನ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಈ ಪರೀಕ್ಷೆ ಎಣಿಸುತ್ತದೆ. ಹಾಗಾಗಿ ಇದಕ್ಕೆ ಖಾಲಿ ಹೊಟ್ಟೆಯೂ ಬೇಡ, ಹಿಂದಿನ ದಿನದ ಉಪವಾಸ ನಡೆಯುವುದೂ ಇಲ್ಲ. ನನ್ನ ಹಿಮೋಗ್ಲೋಬಿನ್ 9.6 ಇತ್ತು. ಕಬ್ಬಿಣದ ಅಂಶ ಕಡಿಮೆ ಇದ್ದರೂ ಎ1ಸಿ ಸ್ವಲ್ಪ ಹೆಚ್ಚಾಗಿ ತೋರಿಸಬಹುದಂತೆ. ಅದಕ್ಕೂ ಮಾತ್ರೆ ಬರೆದರು. "ಇಂಜೆಕ್ಷನಿಗೆ ಯಾವಾಗ ಹೋಗಬಹುದು?" ಎಂದೆ. "ಎ1ಸಿ 8ರ ಒಳಗೆ ಬರಲಿ, ನೋಡುವ. ಮೂರು ತಿಂಗಳು ಬೇಕು." ಮೂರು ತಿಂಗಳು ಎಂದರೆ ನನಗೆ ಎಡಮಗ್ಗುಲಲ್ಲಿ ಮಲಗದ ತೊಂಬತ್ತು ರಾತ್ರಿ.

ಮೆಟ್‌ಫಾರ್ಮಿನ್ 500, ಗ್ಲಿಮೆಪಿರೈಡ್ 1 ಮಿಲಿಗ್ರಾಂ ಬರೆದುಕೊಟ್ಟರು. ಮೊದಲ ವಾರ ಮೆಟ್‌ಫಾರ್ಮಿನ್ ರಾತ್ರಿ ಊಟದ ಜೊತೆ ಒಂದು, ಆಮೇಲೆ ಬೆಳಗ್ಗೆಯೂ ಒಂದು. ಹೊಟ್ಟೆ ಕೆಟ್ಟೀತು, ಹೆದರಬೇಡಿ ಎಂದಿದ್ದರು. ಕೆಟ್ಟಿತು. ಬಸ್ಸು ಹತ್ತಲು ಧೈರ್ಯವಿಲ್ಲದೆ ಹತ್ತು ದಿನ ಮನೆಯಲ್ಲೇ ಇದ್ದೆ. ಫೋನ್ ಮಾಡಿದ್ದಕ್ಕೆ ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಿದರು, ಸರಿಹೋಯಿತು. ಈ ಜಾತಿಯ ಕೆಲವು ಮಾತ್ರೆಗಳ ಸಿಪ್ಪೆ ಮಲದಲ್ಲಿ ಇಡಿಯಾಗಿಯೇ ಬರುತ್ತದೆ. ಮಾತ್ರೆ ಕರಗಲೇ ಇಲ್ಲ ಎಂದು ನಾನು ಗಾಬರಿಯಾಗಿದ್ದೆ. ಒಳಗಿನ ಮದ್ದು ಹೋಗಿರುತ್ತದಂತೆ, ಅದು ಬರೀ ಕವಚ. ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತದೋ ಎಂದು ಹೆದರಿದ್ದೆ. ಜನೌಷಧಿ ಕೇಂದ್ರದಲ್ಲಿ ಇದೇ ಮದ್ದು ಮೊದಲು ಕೊಟ್ಟದ್ದರ ಅರ್ಧಕ್ಕೂ ಕಡಿಮೆಗೆ ಸಿಕ್ಕಿತು. ಹೋಗುವಾಗ ಚೀಟಿಯಲ್ಲಿ ಮದ್ದಿನ ಹೆಸರು ಸ್ಪಷ್ಟವಾಗಿ ಇರಲಿ, ಬರೀ ಕಂಪೆನಿಯ ಹೆಸರಿದ್ದರೆ ಅಲ್ಲಿ ಹುಡುಕಾಟ.

ಎರಡನೇ ವಾರಕ್ಕೆ ಕಣ್ಣು ಮಂಜಾಯಿತು. ಅಯ್ಯೋ, ಕಣ್ಣಿಗೂ ಇಳಿಯಿತು ಎಂದು ಅತ್ತುಬಿಟ್ಟೆ. ಓಡಿಹೋಗಿ ಅಂಗಡಿಯಲ್ಲಿ ಕಣ್ಣು ತೋರಿಸಿ 1,800 ರೂಪಾಯಿ ಕೊಟ್ಟು ಹೊಸ ಕನ್ನಡಕ ಮಾಡಿಸಿಕೊಂಡೆ. ಒಂದು ತಿಂಗಳಿಗೆ ಅದೂ ಸರಿಯಾಗಲಿಲ್ಲ, ಹಳೆಯದೇ ಸರಿ ಕಾಣತೊಡಗಿತು! ಸಕ್ಕರೆ ಬೇಗ ಇಳಿಯುವಾಗ ಕಣ್ಣಿನ ಮಸೂರದಲ್ಲಿ ನೀರಿನ ಹದ ಬದಲಾಗಿ ನೋಟ ಆಚೀಚೆ ಆಗುತ್ತದಂತೆ. ಶುಗರ್ ಒಂದು ಹದಕ್ಕೆ ಬಂದು ಒಂದೆರಡು ತಿಂಗಳು ಕಳೆಯುವವರೆಗೆ ಕನ್ನಡಕ ಬದಲಿಸಬೇಡಿ. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಮಗ ಬೆಂಗಳೂರಿನಿಂದ ಮನೆಯಲ್ಲೇ ಶುಗರ್ ನೋಡುವ ಗ್ಲುಕೋಮೀಟರ್ ಕಳಿಸಿದ. ಯಂತ್ರ ದುಬಾರಿಯಲ್ಲ, ತಿನ್ನುವುದು ಅದರ ಸ್ಟ್ರಿಪ್ಪು. ನನಗೆ ಒಂದಕ್ಕೆ 20 ರೂಪಾಯಿಯ ಹಾಗೆ ಬೀಳುತ್ತದೆ. ಚುಚ್ಚುವುದಕ್ಕೆ ಬೆರಳಿನ ತುದಿಯ ಮಧ್ಯಕ್ಕಿಂತ ಬದಿ ಒಳ್ಳೆಯದು, ನೋವು ಕಡಿಮೆ. ಹೂ ಕಟ್ಟುವ ಹೆಬ್ಬೆರಳು, ತೋರುಬೆರಳನ್ನು ನಾನು ಮುಟ್ಟುವುದಿಲ್ಲ. ಉಂಗುರದ ಬೆರಳು ಮತ್ತು ಕಿರುಬೆರಳಿಗೆ ಸರದಿ.

ಒಂದು ಮಧ್ಯಾಹ್ನ ಮೀಟರಿನಲ್ಲಿ 347 ಬಂತು. ಎದೆ ಧಸಕ್ಕೆಂದಿತು. ಹಿಂದಿನ ದಿನ 180ರ ಹತ್ತಿರ ಇದ್ದದ್ದು! ಮಗಳು ಬಂದು, "ಅಮ್ಮ, ನೀವು ಈಗ ಏನು ಮಾಡುತ್ತಿದ್ದಿರಿ?" ಎಂದಳು. ಹಲಸಿನ ಹಣ್ಣು ಬಿಡಿಸುತ್ತಿದ್ದೆ. ತಿಂದಿರಲಿಲ್ಲ, ದೇವರಾಣೆ, ಮೊಮ್ಮಗುವಿಗೆ ಸೊಳೆ ಬಿಡಿಸಿ ಕೊಟ್ಟದ್ದು. ಸೋಪು ಹಾಕಿ ಕೈ ತೊಳೆದು ಒರೆಸಿ ಪುನಃ ಚುಚ್ಚಿದರೆ 171. ಮೀಟರು ಅಳೆದದ್ದು ನನ್ನ ರಕ್ತವನ್ನಲ್ಲ, ಬೆರಳಿಗೆ ಅಂಟಿದ್ದ ಹಲಸಿನ ರಸವನ್ನು. ಆವತ್ತಿನಿಂದ ಯಾವ ಅಂಕಿ ಬಂದರೂ ಮೊದಲು ಹೆದರುವುದಿಲ್ಲ. ಅದರ ಹಿಂದೆ ಏನಿತ್ತು ಎಂದು ಹುಡುಕುತ್ತೇನೆ, ನೋಟ್ ಪುಸ್ತಕದಲ್ಲಿ ಅಂಕಿಯ ಪಕ್ಕ ಬರೆಯುತ್ತೇನೆ: "ನಿದ್ದೆ ಇಲ್ಲ", "ಜ್ವರ", "ಚಾ ಎರಡು".

ಸ್ಟ್ರಿಪ್ಪಿನ ಬಗ್ಗೆ ಇನ್ನೊಂದು. ನಮ್ಮ ಊರಿನ ಜುಲೈ ತಿಂಗಳು ಗೊತ್ತಲ್ಲ, ಹಪ್ಪಳವೂ ಬಟ್ಟೆಯ ಹಾಗೆ ಬಗ್ಗುತ್ತದೆ. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಒಂದು ರಾತ್ರಿ ಕಿಟಕಿಯ ಬಳಿ ಇಟ್ಟೆ. ಮರುದಿನದಿಂದ ಯಂತ್ರ ಒಮ್ಮೆ ಎರರ್ ಎನ್ನುವುದು, ಒಮ್ಮೆ ಏನೇನೋ ತೋರಿಸುವುದು. 18 ಸ್ಟ್ರಿಪ್ಪು ಹಾಳು. ಒಂದು ತೆಗೆದ ಕೂಡಲೇ ಮುಚ್ಚಬೇಕು, ಬೇರೆ ಡಬ್ಬಕ್ಕೆ ಹಾಕಬಾರದು, ಒಡೆದ ತಾರೀಕನ್ನು ಡಬ್ಬಿಯ ಮೇಲೆ ಬರೆಯಬೇಕು. ಫ್ರಿಜ್ಜಿನಲ್ಲಿ ಇಡುವ ಬುದ್ಧಿಯನ್ನೂ ಮಾಡಬೇಡಿ.

ಈಗ ಊಟ. ಎಲ್ಲರೂ ಹೇಳುವುದು ಒಂದೇ, "ಕುಚ್ಚಲಕ್ಕಿ ಅಲ್ವಾ, ಅದರಿಂದ ಏನಾಗುವುದಿಲ್ಲ." ನಾನೂ ಹಾಗೇ ನಂಬಿದವಳು. ಚಪಾತಿ ತಿನ್ನು ಎಂದರು, ಅದು ನನ್ನ ಗಂಟಲಿಗೆ ಇಳಿಯುವುದಿಲ್ಲ. ಬೆಳಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ ಎಂದೇ ಬೆಳೆದ ಹೊಟ್ಟೆ. ಡಾಕ್ಟರಮ್ಮ ಗಂಜಿ ಬಿಡಿ ಎನ್ನಲಿಲ್ಲ. "ಅಳೆದು ತಿನ್ನಿ, ಎರಡು ಗಂಟೆ ಬಿಟ್ಟು ಚುಚ್ಚಿ ನೋಡಿ, ನಿಮಗೇ ಗೊತ್ತಾಗುತ್ತದೆ" ಎಂದರು. ನಾಲ್ಕು ಸೌಟು ಗಂಜಿ, ಉಪ್ಪಿನಕಾಯಿ, ಹಪ್ಪಳ: 248. ಎರಡು ಸೌಟು ಗಂಜಿ, ಅದಕ್ಕೆ ಮೊದಲು ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಒಂದು ಮೊಟ್ಟೆ: 169. ಅದೇ ಅಕ್ಕಿ, ಅದೇ ಪಾತ್ರೆ. ಐದು ನೀರುದೋಸೆಗೆ 231, ಎರಡಕ್ಕೆ ಮೀನು ಸಾರು ಸೇರಿಸಿದರೆ 174. ಬನ್ಸಿನದ್ದು ಬರೆಯುವುದಿಲ್ಲ, ನೋಡಿ ಬೇಸರವಾಗಿ ಆ ಪುಟವನ್ನೇ ತಿರುವಿಬಿಟ್ಟೆ. ಊಟದ ನಂತರದ್ದು 180ರ ಒಳಗೆ ಎಂಬುದು ನನಗೆ ಕೊಟ್ಟ ಗುರಿ. ನಿಮ್ಮ ಗುರಿಯನ್ನು ನಿಮ್ಮ ಡಾಕ್ಟರರೇ ಹೇಳಬೇಕು. ವಯಸ್ಸಾದವರಿಗೆ, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಬೇರೆಯೇ ಇರುತ್ತದೆ.

ನನ್ನ ಗ್ರಹಚಾರಕ್ಕೆ ಇದೆಲ್ಲ ಶುರುವಾದದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಬಂಗುಡೆ, ಬೂತಾಯಿ ಚಿನ್ನದ ರೇಟು. ಒಣಮೀನು ತಿನ್ನೋಣ ಎಂದರೆ ಬಿಪಿಗೆ ಉಪ್ಪು. ಹಾಗಾಗಿ ಹೆಸರು, ಕಡಲೆ, ಮೊಟ್ಟೆ, ಬಸಳೆ, ತಜಂಕಿನ ಸೊಪ್ಪು ಇದರಲ್ಲೇ ಜುಲೈ ಕಳೆದೆ. ಆಗಸ್ಟಿನಲ್ಲಿ ಮಲ್ಪೆಯ ಮೀನು ಬಂದ ದಿನ ನಾನು ಅನ್ನ ಕೇಳಲೇ ಇಲ್ಲ.

ಇನ್ನು ಚಾ. ಹೂ ಕಟ್ಟುವಾಗ ಎರಡು, ತಿಂಡಿಗೆ ಒಂದು, ಸಂಜೆ ಒಂದು, ಯಾರಾದರೂ ಬಂದರೆ ಇನ್ನೊಂದು. ಒಂದಕ್ಕೆ ಎರಡು ಚಮಚ ಸಕ್ಕರೆ. ಐದು ಚಾಕ್ಕೆ ಹತ್ತು ಚಮಚ, ಅಂದರೆ ದಿನಕ್ಕೆ 40 ಗ್ರಾಮಿಗೂ ಮೇಲೆ. ಮದುವೆ ಮನೆಯ ಒಂದು ಲಾಡಿಗೆ ಹೆದರುತ್ತಿದ್ದವಳು ದಿನಾ ಇಷ್ಟು ಕುಡಿಯುತ್ತಿದ್ದೆ. ಬೆಲ್ಲ ಹಾಕಿದರೆ ಆಗುತ್ತದಲ್ಲ ಎಂದು ಅತ್ತೆ ಹೇಳಿದರು. ಹಾಕಿ ನೋಡಿದೆ. ಮೀಟರಿಗೆ ಬೆಲ್ಲ, ಸಕ್ಕರೆ ಎಂಬ ಭೇದವಿಲ್ಲ. ಮೂರು ವಾರ ಸಪ್ಪೆ ಚಾ ಕಷಾಯದಂತೆ ಕುಡಿದೆ. ಈಗ ಯಾರಾದರೂ ಸಕ್ಕರೆ ಹಾಕಿ ಕೊಟ್ಟರೆ ಪಾಯಸ ಕುಡಿದ ಹಾಗಾಗುತ್ತದೆ.

ನಡೆಯುವುದು. "ಇಡೀ ದಿನ ದುಡಿಯುತ್ತೇನೆ, ನನಗೆಂಥ ವ್ಯಾಯಾಮ" ಎಂದು ವಾದಿಸಿದ್ದೆ. ಡಾಕ್ಟರಮ್ಮ ದಿನಚರಿ ಬರೆಸಿದಾಗ ನೋಡಿದರೆ ನನ್ನ ದುಡಿಮೆಯೆಲ್ಲ ಕೂತಲ್ಲೇ. ಮಳೆಯಲ್ಲಿ ಹೊರಗೆ ಹೋಗುವ ಹಾಗಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಈ ತುದಿಯಿಂದ ಆ ತುದಿಗೆ ಹದಿನೈದು ನಿಮಿಷ. ಇವರು ಪೇಪರ್ ಓದುತ್ತಾ, "ಹುಲಿವೇಷಕ್ಕೆ ಪ್ರಾಕ್ಟೀಸಾ?" ಎಂದು ಕೇಳಿದರು. ಕೇಳಲಿ. ಆ ಹದಿನೈದು ನಿಮಿಷಕ್ಕೆ 20, 30 ಅಂಕಿ ಇಳಿದದ್ದು ನನ್ನ ಪುಸ್ತಕದಲ್ಲಿ ಉಂಟು.

ಊರಿನ ಮದ್ದುಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಸುದ್ದಿ ಹಬ್ಬಿದ ಕೂಡಲೇ ಪಕ್ಕದ ಮನೆ ಅಕ್ಕ ಇನ್ಸುಲಿನ್ ಗಿಡದ ಎಲೆ ತಂದರು, ಅತ್ತಿಗೆ ಹಾಗಲಕಾಯಿ ರಸ ಎಂದರು. ಆಟಿ ತಿಂಗಳ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದರೆ ಶುಗರೇ ಹೋಗುತ್ತದೆ ಎಂದವರೂ ಉಂಟು. ಪಾಲೆ ಕಷಾಯವನ್ನು ಯಾವಾಗಲೂ ಕುಡಿಯುವವಳು, ಈ ಸಲವೂ ಕುಡಿದೆ, ಆದರೆ ಮರ ಗೊತ್ತಿದ್ದವರು ತಂದದ್ದನ್ನೇ. ಪಾಲೆ ಎಂದು ಕಾಸರಕನ ತೊಗಟೆ ತಂದರೆ ವಿಷ. ಇನ್ಸುಲಿನ್ ಎಲೆಯನ್ನು ಒಂದು ತಿಂಗಳು ತಿಂದೆ. ಹುಳಿಹುಳಿ, ಕೆಟ್ಟದ್ದೇನಿಲ್ಲ. ನನ್ನ ಪುಸ್ತಕದಲ್ಲಿ ಅದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರಮ್ಮನಿಗೆ ಹೆದರುತ್ತಾ ಹೇಳಿದೆ. "ತಿಂದದ್ದನ್ನು ಹೇಳಿದಿರಲ್ಲ, ಅದೇ ಒಳ್ಳೆಯದು. ಮಾತ್ರೆ ಮಾತ್ರ ಬಿಡಬೇಡಿ" ಎಂದರು. ಮಾತ್ರೆ ಬಿಟ್ಟು ಎಲೆ ನಂಬಿದ ನಮ್ಮ ಸಂಬಂಧಿಕರೊಬ್ಬರು ಆಸ್ಪತ್ರೆ ಸೇರಿದ್ದನ್ನು ನಾನು ಕಂಡಿದ್ದೇನೆ.

ಕೃಷ್ಣಾಷ್ಟಮಿಯ ದಿನ ನಡೆದದ್ದು ಮಾತ್ರ ಮರೆಯುವ ಹಾಗಿಲ್ಲ. ಮಳೆಗಾಲಕ್ಕೆ ಹೂ ಕಡಿಮೆ, ಹಬ್ಬಕ್ಕೆ ಕೇಳುವವರು ಜಾಸ್ತಿ, ದರ ಏರಿತ್ತು. ಒಂದು ಮೊಗ್ಗೂ ಬಿಡದೆ ಕೊಯ್ದೆ. ಉಪವಾಸ ಬೇರೆ, ಮಧ್ಯರಾತ್ರಿ ಅರ್ಘ್ಯ ಕೊಡುವವರೆಗೆ. ಬೆಳಗ್ಗಿನ ಮಾತ್ರೆಯನ್ನು ನೀರಿನಲ್ಲಿ ನುಂಗಿದೆ. ಮಾತ್ರೆ ತಪ್ಪಿಸಬಾರದು ಎಂದಿದ್ದರಲ್ಲ! ಹತ್ತು ಗಂಟೆಯ ಹೊತ್ತಿಗೆ ಗಂಟು ಜಾರತೊಡಗಿತು. ನಲವತ್ತು ವರ್ಷ ಕಟ್ಟಿದ ಕೈ ನಡುಗುತ್ತಿದೆ. ಮಳೆಯ ತಂಪಿನಲ್ಲೂ ಬೆನ್ನು ಬೆವರಿನಲ್ಲಿ ಒದ್ದೆ. ಮಗಳು ಏನೋ ಕೇಳಿದ್ದಕ್ಕೆ ಸುಮ್ಮನೆ ಕಿರುಚಿದೆ. ಅವಳಿಗೆ ಅನುಮಾನ ಬಂದು ಚುಚ್ಚಿ ನೋಡಿದರೆ 54. 70ಕ್ಕಿಂತ ಕೆಳಗೆ ಹೋದರೆ ಅಪಾಯ ಎಂದು ಗೊತ್ತಿತ್ತು, ನನಗೇ ಆಗುತ್ತದೆ ಎಂದು ಗೊತ್ತಿರಲಿಲ್ಲ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದಳು. 15 ನಿಮಿಷ ಬಿಟ್ಟು ನೋಡಿದರೆ 83. ಆಮೇಲೆ ಗಂಜಿ.

ಉಪವಾಸ ಮುರಿಯಿತು ಎಂದು ಕಣ್ಣಲ್ಲಿ ನೀರು ಬಂತು. ಎಂಬತ್ತೆರಡರ ಅತ್ತೆ ಒಳಗಿನಿಂದ ಹೇಳಿದರು: "ಬೆಣ್ಣೆ ಕದ್ದು ತಿಂದವ ಅವ. ನೀನು ಗಂಜಿ ಉಂಡದ್ದಕ್ಕೆ ಕೋಪ ಮಾಡುತ್ತಾನಾ?"

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಹೀಗೆ ಆಗುತ್ತದೆ. ಏಕಾದಶಿಯೋ, ಶಿವರಾತ್ರಿಯೋ, ರಂಜಾನೋ, ಉಪವಾಸ ಮಾಡುವುದಿದ್ದರೆ ಮೊದಲೇ ಡಾಕ್ಟರರಲ್ಲಿ ಕೇಳಿ ಮಾತ್ರೆಯ ಲೆಕ್ಕ ಬದಲಿಸಿಕೊಳ್ಳಿ. ಇಳಿದಾಗ ಸಕ್ಕರೆ ನೀರು, ಗ್ಲೂಕೋಸ್ ಪುಡಿಯೇ ಬೇಕು. ಉಂಡೆ, ಚಾಕಲೇಟು ಕೊಡಬೇಡಿ, ಅದರ ಜಿಡ್ಡಿಗೆ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆವತ್ತಿನ ನಂತರ ನನ್ನ ಹೂವಿನ ಬುಟ್ಟಿಯಲ್ಲಿ ಒಂದು ಸಣ್ಣ ಡಬ್ಬಿ ಸಕ್ಕರೆ ಇರುತ್ತದೆ. ಬೆಳಗ್ಗಿನ ಮಾತ್ರೆಯೂ ಗಡಿಯಾರ ನೋಡುವುದಿಲ್ಲ, ಹೂ ಹೋಗಿ ತಿಂಡಿ ಎದುರಿಗೆ ಬಂದ ಮೇಲೆಯೇ.

ಸೆಪ್ಟೆಂಬರ್ ಕೊನೆಗೆ ಎ1ಸಿ 7.7. ಚೀಟಿ ಹಿಡಿದು ಮೂಳೆ ಡಾಕ್ಟರರಲ್ಲಿಗೆ ಹೋದೆ. ಇಂಜೆಕ್ಷನ್ ಕೊಟ್ಟರು. ಒಂದು ವಾರ ಶುಗರ್ ಏರಬಹುದು, ದಿನಾ ನೋಡಿ ಎಂದಿದ್ದರು. ಮರುದಿನ 284, ಮೂರನೇ ದಿನ 240, ಆರನೇ ದಿನಕ್ಕೆ ಮೊದಲಿನ ಹಾಗೆ. ಮುಂಚೆಯೇ ಹೇಳಿದ್ದರಿಂದ ಅಳಲಿಲ್ಲ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಎಡಕ್ಕೆ ಹೊರಳಿ ಮಲಗಿದೆ. ವ್ಯಾಯಾಮ ಇನ್ನೂ ನಡೆಯುತ್ತಿದೆ. ಗೋಡೆಯ ಮೇಲೆ ಬೆರಳುಗಳನ್ನು ಜೇಡನ ಹಾಗೆ ಹತ್ತಿಸುವುದು, ಬಾಗಿಲಿಗೆ ಹಗ್ಗ ಕಟ್ಟಿ ಎಳೆಯುವುದು. ಗೋಡೆಯಲ್ಲಿ ಪೆನ್ಸಿಲ್ ಗುರುತು ಮಾಡಿದ್ದೇನೆ, ವಾರಕ್ಕೆ ಅರ್ಧ ಇಂಚು ಏರಿದರೆ ದೊಡ್ಡದು.

ಇದರ ನಡುವೆ ಕಣ್ಣು, ಕಾಲು, ಮೂತ್ರದ ಪರೀಕ್ಷೆಗಳೂ ಆದವು. ಕಣ್ಣಿಗೆ ಹನಿ ಬಿಟ್ಟು ಪಾಪೆ ಅಗಲ ಮಾಡಿ ನೋಡುತ್ತಾರೆ, ನಾಲ್ಕೈದು ಗಂಟೆ ಎಲ್ಲ ಮಸುಕು. ಒಬ್ಬಳೇ ಹೋಗಿದ್ದೆ, ಬಸ್ಸಿನ ಬೋರ್ಡು ಕಾಣದೆ ಸಿಕ್ಕಿದ ಕಂಡಕ್ಟರರಲ್ಲೆಲ್ಲ "ಕಟಪಾಡಿಯಾ?" ಎಂದು ಕೇಳಿ ಬೈಸಿಕೊಂಡೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಸ್ಕೂಟರಂತೂ ಬೇಡ. ಸದ್ಯಕ್ಕೆ ತೊಂದರೆ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದರು. ಕಾಲಿಗೆ ನೈಲಾನ್ ದಾರದಂಥದ್ದನ್ನು ತಾಗಿಸಿ, ಕಣ್ಣು ಮುಚ್ಚಿ ಎಲ್ಲಿ ತಾಗಿತು ಹೇಳಿ ಎಂದರು. ಬಲ ಹಿಮ್ಮಡಿಯಲ್ಲಿ ಒಂದು ಕಡೆ ನನಗೆ ಗೊತ್ತೇ ಆಗಲಿಲ್ಲ. ಅಮ್ಮನ ನೆನಪಾಗಿ ಬಾಯಿ ಒಣಗಿತು. ಚರ್ಮ ದಪ್ಪವಾದದ್ದರಿಂದಲೂ ಇರಬಹುದು, ಆದರೆ ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡಿ ಎಂದರು. ಈಗ ಗಿಡದ ಬುಡಕ್ಕೂ ಚಪ್ಪಲಿ. ರಾತ್ರಿ ಬೆರಳ ಸಂದು ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡಿಯೇ ಮಲಗುವುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಶುಗರ್, ಬಿಪಿಯಂಥ ಕಾಯಿಲೆಗೆಂದೇ ಇರುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಪರೀಕ್ಷೆ, ಮಾತ್ರೆ ಉಚಿತ ಎಂದು ಆಶಾ ಕಾರ್ಯಕರ್ತೆ ಹೇಳಿದ ಮೇಲೆ ನಾನು ಅಲ್ಲಿಗೂ ಹೋದೆ. ಆಧಾರ್ ಕಾರ್ಡ್ ತೆಗೆದುಕೊಂಡು ಹೋಗಿದ್ದೆ. ನೋಂದಣಿಗೆ ಒಟಿಪಿ ಬೇಕು ಎಂದರು. ಆಧಾರಿಗೆ ಇದ್ದದ್ದು ಮಗನ ನಂಬರು, ಅವ ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿ. ಮೂರು ಸಲ ಒಟಿಪಿ ಹೋಗಿ ಮೂರು ಸಲವೂ ಹೊತ್ತು ಮೀರಿತು. ಹೋಗುವ ಮೊದಲು ಯಾರ ಫೋನ್ ಎಂದು ನೋಡಿಕೊಳ್ಳಿ. ಈಗ ಮಾತ್ರೆ ಅಲ್ಲಿಂದಲೇ, ತಿಂಗಳಿಗೊಮ್ಮೆ ಅರ್ಧ ದಿನ ಕ್ಯೂ. ರಿಪೋರ್ಟುಗಳೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ತಾರೀಕಿನ ಪ್ರಕಾರ ಇವೆ. ಮೊದಲಿನ 312ರ ಚೀಟಿಯೂ ಉಂಟು, ಅಕ್ಕಿಯ ಹುಡಿ ಅಂಟಿಕೊಂಡು.

ಜನವರಿಯಲ್ಲಿ ಎ1ಸಿ 6.9 ಬಂತು. ಗ್ಲಿಮೆಪಿರೈಡ್ ನಿಲ್ಲಿಸಿದರು. ಜಡೆಗೆ ಹೂ ಮುಡಿಯಲು ಆಗುತ್ತದೆ, ಅಟ್ಟದ ಡಬ್ಬ ಇಳಿಸಲು ಇನ್ನೂ ಆಗುವುದಿಲ್ಲ.

ಇಷ್ಟು ದಿನ ನನ್ನನ್ನು ತಮಾಷೆ ಮಾಡುತ್ತಿದ್ದ ಇವರು ಮೊನ್ನೆ ಊಟವಾಗಿ ಎರಡು ಗಂಟೆಯ ಮೇಲೆ, "ನನ್ನದೂ ಒಂದು ನೋಡು, ಸುಮ್ಮನೆ" ಎಂದು ಬೆರಳು ಚಾಚಿದರು. ಹೊಸ ಸೂಜಿ ಹಾಕಿ ಚುಚ್ಚಿದೆ. 187.

"ಕೈ ತೊಳೆದಿದ್ದೀರಾ?"

"ತೊಳೆದಿದ್ದೇನೆ ಮಾರಾಯ್ತಿ."

"ಇನ್ನೊಮ್ಮೆ ತೊಳೆಯಿರಿ."

ಸೋಪು ಹಾಕಿ ತೊಳೆದು ಬಂದರು. 184. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಸೋಮವಾರ ಬೆಳಗ್ಗೆ ಲ್ಯಾಬಿಗೆ ಹೋಗುವುದೆಂದು ಮಾಡಿದ್ದೇವೆ. ಚಾ ಕುಡಿಯಬಾರದು ಎಂದು ಈಗಲೇ ಹೇಳಿಟ್ಟಿದ್ದೇನೆ.